ತಟ್ಟೆಯಿಂದ ತೊಟ್ಟಿಗೆ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಪತ್ರ ಬರೆದಿದ್ದಾಳೆ. ಕೆಮಿಕಲ್ ಇಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಅಧ್ಯಯನಕ್ಕೆ ಆಕೆಗೆ ಅವಕಾಶ ದೊರೆತಿದೆ. ಮನೆಯ ಹಿರಿಯರು ಮಾತ್ರ, "ಇನ್ನೂ ನಾಲ್ಕೈದು ವರ್ಷ ಓದಿ ಸಾಧಿಸುವುದೇನು?" ಎನ್ನುತ್ತಾರಂತೆ. "ಸಾರ್, ತಾವೇನು ಹೇಳುತ್ತೀರಿ?" ಎಂದು ಕೇಳಿದ್ದಾಳೆ.

ಉತ್ತರಿಸುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಪೆನಿಸಿಲಿನ್ ಪಾಠವನ್ನು ನಾನು ಪ್ರತಿವರ್ಷವೂ 1928ರ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಗಾಜಿನ ತಟ್ಟೆಯಲ್ಲಿಯೇ ಮುಗಿಸುತ್ತಿದ್ದೆ. ಒಮ್ಮೆ ಹುಡುಗನೊಬ್ಬ, "ಅಷ್ಟು ಚಿಕ್ಕ ತಟ್ಟೆಯಿಂದ ಎಲ್ಲರಿಗೂ ಔಷಧ ಹೇಗೆ ಬಂತು ಸಾರ್?" ಎಂದು ಕೇಳಿದಾಗ, "ಪರೀಕ್ಷೆಗೆ ಅದು ಬರುವುದಿಲ್ಲ, ಕೂತುಕೋ" ಎಂದು ಗದರಿಸಿದ್ದೆ.

ಆದರೆ ಅದು ಪ್ರಾಣಗಳ ಪ್ರಶ್ನೆಯಾಗಿತ್ತು. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹೋವರ್ಡ್ ಫ್ಲೋರಿಯವರ ತಂಡವು ಪೊಲೀಸ್ ಪೇದೆಯೊಬ್ಬನಿಗೆ ಈ ಔಷಧವನ್ನು ನೀಡಿತು. ಆತ ಚೇತರಿಸಿಕೊಳ್ಳತೊಡಗಿದ. ಅಷ್ಟರಲ್ಲಿ ಔಷಧ ಮುಗಿಯಿತು; ಆತ ಬದುಕಲಿಲ್ಲ.

ಇಲ್ಲಿ ನೆನೆಯಬೇಕಾದವರು ಅಮೆರಿಕದ ಮಾರ್ಗರೆಟ್ ಹಚಿನ್‌ಸನ್. 1910ರಲ್ಲಿ ಹ್ಯೂಸ್ಟನ್‌ನಲ್ಲಿ ಜನಿಸಿದ ಈಕೆ, 1937ರಲ್ಲಿ ಎಂ.ಐ.ಟಿ.ಯಿಂದ ಕೆಮಿಕಲ್ ಇಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದರು. ಆ ದೇಶದಲ್ಲಿ ಈ ಪದವಿ ಗಳಿಸಿದ ಮೊದಲ ಮಹಿಳೆ. ಅನಿಲವು ದ್ರವದಲ್ಲಿ ಕರಗುವಾಗ ದ್ರವದ ತೆಳು ಪದರವು ಒಡ್ಡುವ ತಡೆ ಅವರ ಪ್ರಬಂಧದ ವಿಷಯ. ಕೇಳಿದವರು, "ಇದರಿಂದೇನು ಪ್ರಯೋಜನ?" ಎನ್ನುವಂತಹ ವಿಷಯವೇ ಸರಿ!

ಪೆನಿಸಿಲಿನ್ ಕೊಡುವ ಬೂಷ್ಟಿಗೆ ಗಾಳಿ ಬೇಕು. ಆದ್ದರಿಂದ ಅದನ್ನು ದ್ರವದ ಮೇಲ್ಮೈಯಲ್ಲಷ್ಟೇ ಬೆಳೆಸುತ್ತಿದ್ದರು. ಆಳವಾದ ತೊಟ್ಟಿಯಲ್ಲಿ ಬೆಳೆಸಬೇಕಾದರೆ ಕ್ರಿಮಿರಹಿತ ಗಾಳಿಯನ್ನು ಒಳಗೆ ಹಾಯಿಸಿ, ಕಲಕಿ, ದ್ರವದಲ್ಲಿ ಕರಗಿಸಬೇಕು. ಮತ್ತೆ ಅದೇ ಅನಿಲ, ಅದೇ ದ್ರವ! ಇ. ಬಿ. ಬ್ಯಾಡ್ಜರ್ ಸಂಸ್ಥೆಯಲ್ಲಿದ್ದ ಹಚಿನ್‌ಸನ್ ಇಂತಹ ಸ್ಥಾವರದ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದರು. 1944ರ ಮಾರ್ಚ್ 1ರಂದು ಬ್ರೂಕ್ಲಿನ್‌ನ ಹಳೆಯ ಮಂಜುಗಡ್ಡೆ ಕಾರ್ಖಾನೆಯೊಂದರಲ್ಲಿ ಫೈಜರ್ ಕಂಪನಿಯ ಸ್ಥಾವರ ಆರಂಭವಾಯಿತು: 14 ತೊಟ್ಟಿಗಳು, ಒಂದೊಂದೂ 7,500 ಗ್ಯಾಲನ್, ಎಂದರೆ ಸುಮಾರು 28,000 ಲೀಟರ್. ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದಾಗ ಗಾಯಾಳುಗಳಿಗೆ ಪೆನಿಸಿಲಿನ್ ಸಿದ್ಧವಿತ್ತು.

1945ರಲ್ಲಿ ಅಮೆರಿಕದ ಕೆಮಿಕಲ್ ಇಂಜಿನಿಯರುಗಳ ಸಂಸ್ಥೆಯು ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡಿತು. ಸಂಸ್ಥೆ ಹುಟ್ಟಿ ಆಗಲೇ 37 ವರ್ಷಗಳು ಸಂದಿದ್ದವು.

ಮಗೂ, ನಿನ್ನ ಸಂಶೋಧನೆ ಎಲ್ಲಿ ಫಲಿಸುವುದೋ ನಾನರಿಯೆ. 1937ರಲ್ಲಿ ಹಚಿನ್‌ಸನ್ನರೂ ಅರಿತಿರಲಿಲ್ಲ. ಹೋಗಿ ಸೇರಿಕೋ. ಹಿರಿಯರಿಗೆ ಈ ಲೇಖನವನ್ನು ಓದಿ ಹೇಳು.

ಅಂದು ಪ್ರಶ್ನೆ ಕೇಳಿದ್ದ ಹುಡುಗನೂ ಎಲ್ಲಿಯಾದರೂ ಇದನ್ನು ಓದುತ್ತಿದ್ದರೆ, ಇಗೋ ಉತ್ತರ. ತಡವಾದುದಕ್ಕೆ ಕ್ಷಮಿಸು.