ಕಪ್ಪೆಯ ಕಾಲಿನಿಂದ ಜಿಕೆವಿಕೆವರೆಗೆ: ಸ್ನಾಯು ಆಕರಕೋಶಗಳ ಇತಿಹಾಸ

ನಮ್ಮ ಶಾಲೆಯ ಐವತ್ತು ವರ್ಷಗಳ ಇತಿಹಾಸವನ್ನು ಗುರುಗಳೂ ಹಿರಿಯರೂ ಬರೆಯುತ್ತಾರೆ. ಇಲ್ಲಿ ಹತ್ತನೇ ತರಗತಿ ಮುಗಿಸಿ, ಬಿ.ಇ. ಓದಿ, ಈಗ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವ ನಾನು ಬೇರೊಂದು ಇತಿಹಾಸ ಹೇಳಬಯಸುತ್ತೇನೆ. ಅದರ ಒಂದು ಮುಖ್ಯ ಭಾಗ ನಡೆದದ್ದು ದೇವನಹಳ್ಳಿಯಿಂದ ಬೆಂಗಳೂರಿಗೆ ಹೋಗುವ ಬಳ್ಳಾರಿ ರಸ್ತೆಯ ಪಕ್ಕದಲ್ಲೇ.

ರಾಗಿ ಕೊಯ್ದರೆ, ಮಗ್ಗದಲ್ಲಿ ದುಡಿದರೆ ಮೈಕೈ ನೋಯುತ್ತದೆ; ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಸ್ನಾಯುವಿಗೆ ಪೆಟ್ಟಾದರೂ ಅಷ್ಟೇ, ನಿಧಾನವಾಗಿ ಕೂಡಿಕೊಳ್ಳುತ್ತದೆ. ಆದರೆ ಬೆಳೆದ ಸ್ನಾಯುವಿನ ಎಳೆ ತಾನಾಗಿ ವಿಭಜನೆಯಾಗುವುದಿಲ್ಲ. ಹಾಗಾದರೆ ಹರಿದದ್ದನ್ನು ರಿಪೇರಿ ಮಾಡುವವರು ಯಾರು?

1961ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಅಲೆಕ್ಸಾಂಡರ್ ಮೌರೊ ಅವರು ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಳೆಗೂ ಅದರ ಹೊರಪೊರೆಗೂ ನಡುವೆ ಪುಟ್ಟ ಕೋಶಗಳು ಅಂಟಿಕೊಂಡಿದ್ದವು. ಅವಕ್ಕೆ ‘ಸ್ಯಾಟಲೈಟ್ ಸೆಲ್’, ಅಂದರೆ ಉಪಗ್ರಹ ಕೋಶ ಎಂದು ಹೆಸರಿಟ್ಟರು. ಇವೇ ಸ್ನಾಯುವಿನ ಆಕರಕೋಶಗಳು ಅಥವಾ ಸ್ಟೆಮ್ ಸೆಲ್‌ಗಳು. ಮಕ್ಕಳ ಸ್ನಾಯು ಬೆಳೆಯುವುದಕ್ಕೂ ಇವು ಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ನಿದ್ರಿಸುತ್ತಿರುತ್ತವೆ. ಗಾಯವಾದರೆ ಎಚ್ಚೆತ್ತು, ಸಂಖ್ಯೆಯಲ್ಲಿ ಹೆಚ್ಚಿ, ಒಂದಕ್ಕೊಂದು ಬೆಸೆದು ಹೊಸ ಎಳೆಯಾಗುತ್ತವೆ. ಕೆಲವು ಮಾತ್ರ, ಬಿತ್ತನೆಗೆಂದು ಎತ್ತಿಟ್ಟ ರಾಗಿಯಂತೆ, ಮುಂದಿನ ಗಾಯಕ್ಕಾಗಿ ಉಳಿಯುತ್ತವೆ.

2011ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ಇದನ್ನು ಖಚಿತಪಡಿಸಿದವು: ಈ ಕೋಶಗಳನ್ನು ತೆಗೆದರೆ ಗಾಯಗೊಂಡ ಸ್ನಾಯು ಮತ್ತೆ ಬೆಳೆಯುವುದೇ ಇಲ್ಲ. ಅವುಗಳಲ್ಲೊಂದು ಅಧ್ಯಯನದ ಮೊದಲ ಲೇಖಕ ರಾಮ್‌ಕುಮಾರ್ ಸಾಂಬಶಿವನ್ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಹಣ್ಣಿನ ನೊಣದ ಬೆಳೆದ ಸ್ನಾಯುವಿನಲ್ಲಿ ಇಂಥ ಕೋಶಗಳನ್ನು ಯಾರೂ ಗುರುತಿಸಿರಲಿಲ್ಲ. 2017ರಲ್ಲಿ ಧನಂಜಯ ಚತುರ್ವೇದಿ, ಕೆ. ವಿಜಯರಾಘವನ್ ಮತ್ತು ಸಂಗಡಿಗರು ಅವನ್ನು ಗುರುತಿಸಿದರು. ಅದು ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಸಂಸ್ಥೆಯ ಕೆಲಸ.

ಇದನ್ನು ನಮ್ಮ ಊರಿನವರಿಗೆ ಹೇಳಲು ಕಾರಣವಿದೆ. ಡುಶೆನ್ ಎಂಬ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇಲ್ಲದೆ ಸ್ನಾಯುವಿನ ಎಳೆಗಳು ಮತ್ತೆ ಮತ್ತೆ ಹರಿಯುತ್ತವೆ. ಕೊನೆಗೆ ರಿಪೇರಿ ಸೋಲುತ್ತದೆ. ಇಂಥ ಮಗುವಿರುವ ನಮ್ಮ ಬಂಧುಗಳಿಗೆ, ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಹುಡುಗ ಎದ್ದು ನಡೆಯುತ್ತಾನೆಂದು ಯಾರೋ ನಂಬಿಸಿದ್ದರು. ಜಮೀನು ಮಾರುವ ಮಾತೂ ಆಗಿತ್ತು. ಐಸಿಎಂಆರ್ ಹೊರತಂದ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಇಂಥ ಕಾಯಿಲೆಗೆ ಸ್ಟೆಮ್ ಸೆಲ್‌ಗಳನ್ನು, ಅನುಮೋದನೆ ಪಡೆದ ಪ್ರಯೋಗದ ಹೊರಗೆ, ಚಿಕಿತ್ಸೆಯೆಂದು ಕೊಡುವಂತಿಲ್ಲ. ಯಾರಾದರೂ ಹಾಗೆ ಹೇಳಿದರೆ ದಯವಿಟ್ಟು ಮೊದಲು ನಿಮ್ಹಾನ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿ. ಜಮೀನಿನ ಮಾತು ಆಮೇಲೆ.

ಕಪ್ಪೆಯಿಂದ ನೊಣಕ್ಕೆ ಬರಲು 56 ವರ್ಷ ಹಿಡಿಯಿತು. ಇಂದು ತರಗತಿಯಲ್ಲಿ ಜೀವಕೋಶದ ಪಾಠ ಕೇಳುತ್ತಿರುವ ನಮ್ಮ ಮಕ್ಕಳು ಈ ಕೆಲಸವನ್ನು ಇನ್ನಷ್ಟು ಮುಂದಕ್ಕೆ ಒಯ್ಯಬಲ್ಲರು. ಆ ಪ್ರಯೋಗಾಲಯಗಳು ಅವರ ಬಸ್ಸಿನ ದಾರಿಯಲ್ಲೇ ಇವೆ.