ಸಾವಿರ ರೂಪಾಯಿ ಮತ್ತು ಊರಿನ ಕೊನೆಯ ಮನೆ

ಇವತ್ತಿನ ಕಥೆಯ ಹೀರೋ ಯಾರು ಅಂತ ಮೊದಲೇ ಹೇಳಿಬಿಡ್ತೀನಿ: ಒಂದು ಫಿಕ್ಸೆಡ್ ಡೆಪಾಸಿಟ್. ನಗಬೇಡಿ. ನಾನು ಬಿಕಾಂ ಓದಿದವಳು, ನನಗೆ ಯುದ್ಧ, ಸಾಮ್ರಾಜ್ಯಗಳಿಗಿಂತ ಪಾಸ್‌ಬುಕ್‌ಗಳಲ್ಲೇ ಹೆಚ್ಚು ಇತಿಹಾಸ ಕಾಣುತ್ತೆ. ಈ ಎಫ್‌ಡಿ ಒಡಿಶಾದ ಗಂಜಾಂ ಜಿಲ್ಲೆಯದು. ಅದರ ಬಡ್ಡಿಯಿಂದ ಆಗಿದ್ದೇನು ಅಂದ್ರೆ, ಊರಿನ ಪ್ರತಿಯೊಂದು ಮನೆಗೂ, ದಲಿತರ ಕೇರಿಯನ್ನೂ ಸೇರಿಸಿ, ಒಂದೇ ಟ್ಯಾಂಕಿನ ನೀರು ಸಿಗೋ ವ್ಯವಸ್ಥೆ ಉಳ್ಕೊಂಡಿತು.

ಶುರು ಮಾಡೋದು 1971ರಿಂದ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ವರ್ಷ. ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬರ್ತಾ ಇದ್ರು. ಅವರಿಗೆ ಸಹಾಯ ಮಾಡೋಕೆ ಅಂತ ಮದ್ರಾಸಿನಿಂದ ಕಾಲೇಜು ಹುಡುಗರ ಒಂದು ತಂಡ ಹೊರಡ್ತು. ನಾಯಕ ಜೋ ಮಡಿಯತ್, ಕೇರಳದವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಡಿಶಾ ಕರಾವಳಿಗೆ ಭೀಕರ ಚಂಡಮಾರುತ ಬಡಿಯಿತು. ತಂಡದ ಒಂದು ಭಾಗ ಅಲ್ಲಿಗೆ ಹೋಯ್ತು. ಪರಿಹಾರ ಕೆಲಸ ಮುಗಿದ ಮೇಲೆ ಹೆಚ್ಚಿನವರು ಊರಿಗೆ ವಾಪಸ್. ಕೆಲವರು ಅಲ್ಲೇ ಉಳಿದರು. 1979ರಲ್ಲಿ 'ಗ್ರಾಮ್ ವಿಕಾಸ್' ಅನ್ನೋ ಸಂಸ್ಥೆ ನೋಂದಣಿ ಆಯ್ತು. ಬ್ರಹ್ಮಪುರದ ಹತ್ತಿರದ ಮೊಹುದಾ ಅದರ ನೆಲೆ.

80ರ ದಶಕ ಪೂರ್ತಿ ಇವರು ಮಾಡಿದ್ದು ಗೋಬರ್ ಗ್ಯಾಸ್. ಒಡಿಶಾದ ಹಳ್ಳಿಗಳಲ್ಲಿ 50 ಸಾವಿರಕ್ಕೂ ಹೆಚ್ಚು ಘಟಕ ಕಟ್ಟಿಸಿದರು. ಅದೇ ಒಂದು ಎಪಿಸೋಡ್ ಆಗುತ್ತೆ, ಇವತ್ತು ಬೇಡ. ನಮಗೆ ಬೇಕಾಗಿರೋದು ಅದರ ನಂತರದ ಪ್ರಶ್ನೆ. ಹಳ್ಳಿಯ ಜನ ಯಾಕೆ ಪದೇ ಪದೇ ಕಾಯಿಲೆ ಬೀಳ್ತಾರೆ ಅಂತ ಹುಡುಕ್ತಾ ಹೋದಾಗ, ಬಹುಪಾಲು ಕಾಯಿಲೆಗಳ ಹಿಂದೆ ಕಂಡಿದ್ದು ಕೊಳಕು ನೀರು. ನೀರು ಕೊಳಕಾಗೋದಕ್ಕೆ ಕಾರಣ ಮನುಷ್ಯರ ಮಲ.

ಇಲ್ಲೊಂದು ಸಣ್ಣ ಪದದ ವಿಚಾರ. ಕನ್ನಡದಲ್ಲಿ ನಾವು 'ಬಯಲಿಗೆ ಹೋಗೋದು', 'ಕೆರೆ ಕಡೆ ಹೋಗೋದು', 'ಚೊಂಬು ಹಿಡ್ಕೊಂಡು ಹೋಗೋದು' ಅಂತೀವಿ. ಎಷ್ಟು ಚಂದ ಇದೆ ಅಲ್ವಾ, ವಾಕಿಂಗ್ ಹೊರಟ ಹಾಗೆ. ನೇರ ಪದ 'ಹೇಲು' ಅಂತ ಹೇಳಿದ್ರೆ ಮನೇಲಿ ಅಜ್ಜಿ ಬೈತಾರೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಈ ಪದವನ್ನೇ ಅಸ್ತ್ರ ಮಾಡ್ಕೊಂಡ ಇನ್ನೊಂದು ಚಳವಳಿ ಇದೆ.

2000ದ ಆಸುಪಾಸಿನಲ್ಲಿ, ಬಾಂಗ್ಲಾದೇಶದ ರಾಜ್‌ಶಾಹಿ ಜಿಲ್ಲೆಯ ಮೊಸ್ಮೊಯಿಲ್ ಅನ್ನೋ ಹಳ್ಳಿಗೆ ಕಮಲ್ ಕರ್ ಅನ್ನೋ ಭಾರತೀಯ ತಜ್ಞರು ಹೋದರು. ಶೌಚಾಲಯಕ್ಕೆ ಸಬ್ಸಿಡಿ ಕೊಡೋದು ಸರಿನಾ ಅಂತ ಪರಿಶೀಲಿಸೋದು ಅವರ ಕೆಲಸ. ಅವರು ಹೇಳಿದ್ದು: ಸಬ್ಸಿಡಿ ನಿಲ್ಲಿಸಿ. ಅದರ ಬದಲು ಊರವರನ್ನೇ ಕರ್ಕೊಂಡು ಊರು ಸುತ್ತಿ. ಯಾರು ಎಲ್ಲಿ ಕೂರ್ತಾರೆ ಅಂತ ನೆಲದ ಮೇಲೆ ನಕ್ಷೆ ಬರೆಸಿ. ದಿನಕ್ಕೆ ಊರಲ್ಲಿ ಎಷ್ಟು ಕೆಜಿ ಬೀಳುತ್ತೆ, ವರ್ಷಕ್ಕೆ ಎಷ್ಟು, ಅದೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಅವರಿಂದಲೇ ಲೆಕ್ಕ ಹಾಕಿಸಿ. ಎಲ್ಲವನ್ನೂ ಆಡುಮಾತಿನ ಆ ಒರಟು ಪದದಲ್ಲೇ ಕೇಳಿ. ನೊಣ, ಅನ್ನದ ತಟ್ಟೆ, ನೀರಿನ ಲೋಟ, ಇವುಗಳ ಸಂಬಂಧ ಅರ್ಥ ಆದ ಕ್ಷಣ ಊರಿಗೆ ಅಸಹ್ಯ ಹುಟ್ಟುತ್ತೆ, ಗುಂಡಿ ತಾವೇ ತೋಡ್ತಾರೆ. ಈ ವಿಧಾನಕ್ಕೆ 'ಸಮುದಾಯ ನೇತೃತ್ವದ ಸಂಪೂರ್ಣ ನೈರ್ಮಲ್ಯ' ಅಂತ ಹೆಸರು ಬಂತು, ಮುಂದೆ ಆಫ್ರಿಕಾ, ಏಷ್ಯಾದ ಹತ್ತಾರು ದೇಶಗಳಿಗೆ ಹರಡಿತು.

ಬುದ್ಧಿವಂತ ಐಡಿಯಾ, ಒಪ್ತೀನಿ. ಆದ್ರೆ ಅಸಹ್ಯ ಮತ್ತು ಅವಮಾನದ ನಡುವೆ ಇರೋದು ತೆಳುವಾದ ಗೆರೆ. ಬಯಲಿಗೆ ಹೋದವರ ಮೇಲೆ ಟಾರ್ಚ್ ಬಿಡೋದು, ಸೀಟಿ ಊದೋದು, ಫೋಟೋ ತೆಗೆಯೋದು, ಇದೆಲ್ಲ ಮುಂದೆ ನಮ್ಮ ದೇಶದಲ್ಲೂ ನಡೀತು. ಹಾಗೆ ಟಾರ್ಚ್ ಬೆಳಕಿಗೆ ಸಿಕ್ಕಿಬೀಳೋರು ಯಾರು? ಜಾಗ ಇಲ್ಲದವರು, ದುಡ್ಡಿಲ್ಲದವರು. ಅವರಿಗೆ ನಾಚಿಕೆ ಯಾವತ್ತೂ ಕಮ್ಮಿ ಇರಲಿಲ್ಲ, ಕಮ್ಮಿ ಇದ್ದಿದ್ದು ಸಿಮೆಂಟು.

ಈಗ ಗಂಜಾಂಗೆ ವಾಪಸ್ ಬರೋಣ. 1992ರಲ್ಲಿ ಗ್ರಾಮ್ ವಿಕಾಸ್ 5 ಹಳ್ಳಿಗಳಲ್ಲಿ, 337 ಕುಟುಂಬಗಳ ಜೊತೆ ಒಂದು ಪ್ರಯೋಗ ಶುರು ಮಾಡಿತು. ಷರತ್ತು ಒಂದೇ, ಆದ್ರೆ ಕಠಿಣ: ನೂರಕ್ಕೆ ನೂರು, ಇಲ್ಲಾಂದ್ರೆ ಸೊನ್ನೆ. ಊರಿನ ಎಲ್ಲಾ ಮನೆಗಳೂ ಒಪ್ಪಬೇಕು. ಪ್ರತಿ ಮನೆ ಒಂದು ಶೌಚಾಲಯ, ಒಂದು ಬಚ್ಚಲುಮನೆ ಕಟ್ಕೋಬೇಕು. ಇಟ್ಟಿಗೆ, ಮರಳು, ಕಲ್ಲು, ಕೂಲಿ ಮನೆಯವರದ್ದು. ಸಿಮೆಂಟು, ಬೇಸಿನ್, ಬಾಗಿಲಿನಂಥ ಹೊರಗಿಂದ ತರಬೇಕಾದ ಸಾಮಾನಿಗೆ ಸಂಸ್ಥೆಯ ಸಹಾಯ. ಊರ ಹುಡುಗರಿಗೇ ಗಾರೆ ಕೆಲಸದ ತರಬೇತಿ. ಕೊನೆಯ ಮನೆಯ ಶೌಚಾಲಯ ಮುಗಿಯೋ ತನಕ ಯಾರ ಮನೆಗೂ ನೀರು ಬಿಡೋ ಹಾಗಿಲ್ಲ. ಮುಗಿದ ಮೇಲೆ ಪ್ರತಿ ಮನೆಗೆ ಮೂರು ನಲ್ಲಿ: ಶೌಚಾಲಯಕ್ಕೆ ಒಂದು, ಬಚ್ಚಲಿಗೆ ಒಂದು, ಅಡುಗೆಮನೆಗೆ ಒಂದು. 24 ಗಂಟೆ ನೀರು. ನೆನಪಿರಲಿ, ಆಗ ನಮ್ಮ ಎಷ್ಟೋ ಪಟ್ಟಣಗಳಲ್ಲೇ ದಿನ ಬಿಟ್ಟು ದಿನ ನೀರು ಬರ್ತಾ ಇತ್ತು.

ಆ ಮೂರು ನಲ್ಲಿಯ ಲೆಕ್ಕ ನೋಡಿ. ಶೌಚಾಲಯ ಕಟ್ಟಿಸಿ ನೀರು ಕೊಡದೇ ಇದ್ರೆ, ಅಷ್ಟೂ ನೀರು ಹೊರಬೇಕಾದವರು ಯಾರು? ಹೆಂಗಸರು. ಮೊದಲು ಕುಡಿಯೋಕೆ, ಅಡುಗೆಗೆ ಅಂತ ಹೊರ್ತಿದ್ದ ಕೊಡಗಳ ಜೊತೆ ಈಗ ಮನೆ ಮಂದಿಯೆಲ್ಲ ಶೌಚಾಲಯಕ್ಕೆ ಸುರಿಯೋ ಕೊಡಗಳು. ಆಮೇಲೆ ಆ ಕೋಣೆ ಸೌದೆ, ಗೊಬ್ಬರದ ಮೂಟೆ ಇಡೋ ಜಾಗ ಆದ್ರೆ ಆಶ್ಚರ್ಯ ಏನಿದೆ? ನಮ್ಮ ಕಡೆನೂ ಇದನ್ನ ನೀವು ನೋಡಿರ್ತೀರ.

ಈಗ ನನ್ನ ಇಷ್ಟದ ಭಾಗ, ಇಡುಗಂಟು. ಮನೆಗೆ ಸರಾಸರಿ 1,000 ರೂಪಾಯಿ ಊರಿನ ನಿಧಿಗೆ ಹಾಕಬೇಕು. ಇಲ್ಲಿ 'ಸರಾಸರಿ' ಅನ್ನೋದು ಮುಖ್ಯ. ಉಳ್ಳವರು ಜಾಸ್ತಿ, ಇಲ್ಲದವರು ಕಮ್ಮಿ, ಆದ್ರೆ ಯಾರೂ ಸೊನ್ನೆ ಹಾಕೋ ಹಾಗಿಲ್ಲ. ದುಡ್ಡು ಊರಿನ ಸಮಿತಿಯ ಹೆಸರಲ್ಲಿ ಬ್ಯಾಂಕಿನ ಎಫ್‌ಡಿಗೆ ಹೋಗುತ್ತೆ. ಅಸಲು ಮುಟ್ಟೋ ಹಾಗಿಲ್ಲ. 100 ಮನೆಯ ಊರು ಅಂತ ಇಟ್ಕೊಳ್ಳಿ, 1 ಲಕ್ಷ. ಬಡ್ಡಿ ಶೇಕಡಾ 10 ಅಂದ್ರೆ ವರ್ಷಕ್ಕೆ 10,000. ಮಗ ಮದುವೆಯಾಗಿ ಬೇರೆ ಒಲೆ ಹೂಡ್ತಾನೆ, ಊರಲ್ಲಿ 101ನೇ ಮನೆ ಹುಟ್ಟುತ್ತೆ. ಆ ಮನೆಯ ಶೌಚಾಲಯಕ್ಕೆ ಬಡ್ಡಿಯಿಂದ ಸಹಾಯ. ಅಂದ್ರೆ ನೂರಕ್ಕೆ ನೂರು ಅನ್ನೋದು ಉದ್ಘಾಟನೆಯ ದಿನದ ಬ್ಯಾನರ್‌ಗೆ ಮಾತ್ರ ಇರೋದಲ್ಲ, ಹತ್ತು ವರ್ಷ ಆದ್ಮೇಲೂ ಉಳಿಯಬೇಕು. ಬಡ್ಡಿ ದರ ಈಗ ಇಳಿದಿದೆ, ಸಿಮೆಂಟ್ ರೇಟ್ ಏರಿದೆ, ಅಷ್ಟೇ ಇಡುಗಂಟು ಇವತ್ತು ಅಷ್ಟು ಕೆಲಸ ಮಾಡಲ್ಲ. ಆದ್ರೂ ಊರು ಬೆಳೆಯುತ್ತೆ, ಮನೆಗಳು ಒಡೆಯುತ್ತವೆ ಅನ್ನೋದನ್ನ ಮೊದಲ ದಿನವೇ ಲೆಕ್ಕಕ್ಕೆ ತಗೊಂಡ ಎಷ್ಟು ಯೋಜನೆಗಳು ನಿಮಗೆ ಗೊತ್ತು? ಪಂಪಿನ ಕರೆಂಟು, ರಿಪೇರಿಗೆ ಬೇರೆ ದಾರಿ: ಮನೆ ಲೆಕ್ಕದ ವಂತಿಗೆ, ಕೆಲವು ಕಡೆ ಊರ ಕೆರೆಯ ಮೀನು ಮಾರಿದ ದುಡ್ಡು. ಗುಡ್ಡದ ಊರುಗಳಲ್ಲಂತೂ ಮೇಲಿನ ಒರತೆಯಿಂದ ಪೈಪ್ ಎಳೆದು, ಪಂಪೇ ಇಲ್ಲದೆ ನೀರು ತಂದರು.

ಆದರೆ ನಿಜವಾದ ಜಗಳ ದುಡ್ಡಿನದ್ದಲ್ಲ. ಒಡಿಶಾದ ಹಳ್ಳಿಗಳಲ್ಲೂ ನಮ್ಮ ಹಾಗೇ ಕೇರಿಗಳು ಬೇರೆ ಬೇರೆ. ಅಲ್ಲಿ 'ಸಾಹಿ' ಅಂತಾರೆ. ನೀರಿನ ಜಾಗವೂ ಬೇರೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿದ ಮೇಲೆ, ಕೆರೆಯನ್ನು 'ಶುದ್ಧಿ' ಮಾಡಿದ ದೇಶ ಇದು. ಅಂಥ ಕಡೆ, ಒಂದೇ ಟ್ಯಾಂಕು, ಒಂದೇ ಪೈಪು, ಎಲ್ಲರಿಗೂ ಅದೇ ಮೂರು ನಲ್ಲಿ ಅಂದಾಗ ಮೇಲಿನ ಕೇರಿಯವರು ಸುಮ್ಮನೆ ಒಪ್ತಾರಾ? ವಿರೋಧ ಬಂತು, ಮೀಟಿಂಗ್ ಮೇಲೆ ಮೀಟಿಂಗ್ ಆಯ್ತು.

ಈ ಷರತ್ತಿನ ಮಜಾ ಇಲ್ಲೇ ಇರೋದು ಅಂತ ನನಗೆ ಅನ್ಸುತ್ತೆ. ಸಾಮಾನ್ಯವಾಗಿ ಊರಿನ ಕೊನೆಯ ಮನೆ ಎಲ್ಲರ ಮುಂದೆ ಕೈ ಕಟ್ಕೊಂಡು ನಿಲ್ಲುತ್ತೆ. ಇಲ್ಲಿ ಆ ಮನೆಯ ಶೌಚಾಲಯ ಮುಗಿಯದೆ ಗೌಡರ ಮನೆಯ ಅಡುಗೆಮನೆಗೂ ನೀರು ಬರಲ್ಲ. ಹಾಗಾಗಿ, ಜೀವಮಾನದಲ್ಲಿ ಆ ಕೇರಿಗೆ ಕಾಲಿಡದವರೂ 'ನಿಮ್ಮ ಗೋಡೆ ಎಲ್ಲಿವರೆಗೆ ಬಂತು' ಅಂತ ಕೇಳಲೇಬೇಕು. ಬಡವರ ಒಪ್ಪಿಗೆಗೆ ಒಂದು ಬೆಲೆ ಬಂತು. ಹಾಗಂತ ಇದು ಪೂರ್ತಿ ಸಿಹಿ ಕಥೆ ಅಂದ್ಕೋಬೇಡಿ. ಇಡೀ ಊರು ನಿಮ್ಮೊಬ್ಬರಿಗಾಗಿ ಕಾಯ್ತಾ ಇದ್ರೆ ಅದೂ ಒತ್ತಡವೇ, ಬಲವಂತದ ವಾಸನೆ ಅದಕ್ಕೂ ಇದೆ. ಆದ್ರೆ ಟಾರ್ಚ್ ಬಿಡೋದಕ್ಕೂ ಗೋಡೆಗೆ ಕಲ್ಲು ಹೊತ್ತು ಕೊಡೋದಕ್ಕೂ ಇರೋ ವ್ಯತ್ಯಾಸ ಸಣ್ಣದಲ್ಲ. ಊರಿನ ಸಮಿತಿಯಲ್ಲಿ ಗಂಡಸರು, ಹೆಂಗಸರು ಸಮ ಸಂಖ್ಯೆಯಲ್ಲಿ ಇರಬೇಕು ಅನ್ನೋದೂ ನಿಯಮ.

ಗುಂಡಿಯ ವಿಚಾರವೂ ಜಾತಿಯ ವಿಚಾರವೇ. ಅವರು ಆರಿಸಿದ್ದು ಎರಡು ಗುಂಡಿಯ ಶೌಚಾಲಯ. ಒಂದು ತುಂಬಿದ್ರೆ ಮುಚ್ಚಿ, ಪೈಪನ್ನ ಇನ್ನೊಂದಕ್ಕೆ ತಿರುಗಿಸ್ತಾರೆ. ಮುಚ್ಚಿದ್ದು ಕಾಲಕ್ರಮದಲ್ಲಿ ಒಣ ಗೊಬ್ಬರ ಆಗುತ್ತೆ, ಹಸಿ ಮಲ ಯಾರೂ ಮುಟ್ಟಬೇಕಾಗಿಲ್ಲ. ಇದು ಯಾಕೆ ಮುಖ್ಯ ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 70ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ನಿಷೇಧಿಸಿದ್ದು ನಮ್ಮದೇ ರಾಜ್ಯದಲ್ಲಿ.

ಸರಿ, ಇಷ್ಟೆಲ್ಲಾ ಮಾಡಿದ್ದಕ್ಕೆ ಕಾಯಿಲೆ ಕಮ್ಮಿ ಆಯ್ತಾ? ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ಸರ್ಕಾರದ ಸಂಪೂರ್ಣ ನೈರ್ಮಲ್ಯ ಅಭಿಯಾನದ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೀತು, 2014ರಲ್ಲಿ ಪ್ರಕಟ ಆಯ್ತು. ಕೆಲಸ ನಡೆದ ಹಳ್ಳಿಗಳಲ್ಲಿ ಶೌಚಾಲಯ ಇರೋ ಮನೆಗಳು ಶೇ. 9ರಿಂದ 63ಕ್ಕೆ ಏರಿದವು. ಮಕ್ಕಳ ಭೇದಿ ಮಾತ್ರ ಕಮ್ಮಿ ಆಗಲಿಲ್ಲ. ಮರುವರ್ಷ ಎಸ್ತರ್ ಡುಫ್ಲೊ, ಹೌದು, ಆಮೇಲೆ ನೊಬೆಲ್ ಬಂದವರೇ, ಮತ್ತು ಸಂಗಡಿಗರು ಗ್ರಾಮ್ ವಿಕಾಸ್‌ನ 100 ಹಳ್ಳಿಗಳ ಲೆಕ್ಕ ಹೊರಗಿಟ್ಟರು. ಚಿಕಿತ್ಸೆ ಬೇಕಾದಂಥ ಭೇದಿಯ ಪ್ರಕರಣಗಳು ಶೇ. 30ರಿಂದ 50ರಷ್ಟು ಇಳಿದಿದ್ದವು, ಐದು ವರ್ಷ ಆದ್ಮೇಲೂ ಆ ಇಳಿಕೆ ಉಳಿದಿತ್ತು. ಬೇಗ ಚಪ್ಪಾಳೆ ಹೊಡೀಬೇಡಿ, 2019ರಲ್ಲಿ ಬಂದ ಇನ್ನೊಂದು ಅಧ್ಯಯನಕ್ಕೆ ಇದೇ ಸಂಸ್ಥೆಯ ಹಳ್ಳಿಗಳಲ್ಲಿ ಭೇದಿ ಕಮ್ಮಿ ಆದದ್ದು ಕಾಣಲಿಲ್ಲ. ಮಕ್ಕಳ ಎತ್ತರ ಸ್ವಲ್ಪ ಸುಧಾರಿಸಿತ್ತು, ಕರುಳಿನ ಸೋಂಕು ತಗ್ಗಿತ್ತು.

ಬಿಸಿನೆಸ್ ಎಕನಾಮಿಕ್ಸ್ ಪೇಪರ್‌ನಲ್ಲಿ 'ಎಕ್ಸ್‌ಟರ್ನಾಲಿಟಿ' ಅಂತ ಐದು ಮಾರ್ಕಿನ ಪ್ರಶ್ನೆ ಬರ್ತಿತ್ತು. ನಾವೆಲ್ಲ ಫ್ಯಾಕ್ಟರಿ ಹೊಗೆಯ ಉದಾಹರಣೆ ಬರೆದು ಬರ್ತಿದ್ವಿ. ಪಕ್ಕದ ಮನೆಯವರು ಬಯಲಿಗೆ ಹೋದ್ರೆ ನನ್ನ ಮನೆ ಮಗುವಿಗೆ ಭೇದಿ, ನಾನೊಬ್ಬಳೇ ಟೈಲ್ಸ್ ಹಾಕ್ಸಿದ್ರೂ ಉಪಯೋಗ ಇಲ್ಲ, ಅನ್ನೋದು ಇದಕ್ಕಿಂತ ಒಳ್ಳೆ ಉದಾಹರಣೆ. ನೂರಕ್ಕೆ ನೂರು ಅನ್ನೋ ಹಠದ ಹಿಂದಿನ ಗಣಿತ ಇದೇ. ಐದು ಹಳ್ಳಿಯಿಂದ ಶುರುವಾಗಿದ್ದು ಈಗ ಸಾವಿರ ದಾಟಿದೆ.

ಈಗ ನಮ್ಮೂರು. 2019ರ ಆಗಸ್ಟ್ 15ಕ್ಕೆ ಘೋಷಣೆಯಾದ ಜಲ ಜೀವನ್ ಮಿಷನ್ ಕರ್ನಾಟಕದಲ್ಲಿ 'ಮನೆ ಮನೆಗೆ ಗಂಗೆ' ಆಯ್ತು. ಅದರ ನಿಯಮದ ಪುಸ್ತಕ ಓದಿದ್ರೆ ಗಂಜಾಂನ ನೆರಳು ಕಾಣುತ್ತೆ: ಊರಿನೊಳಗಿನ ಕಾಮಗಾರಿಗೆ ಜನರ ವಂತಿಗೆ ಶೇ. 10, ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರೋ ಊರುಗಳಿಗೆ ಶೇ. 5, ಊರಿಗೊಂದು ನೀರು ಮತ್ತು ನೈರ್ಮಲ್ಯ ಸಮಿತಿ, ಅದರಲ್ಲಿ ಅರ್ಧ ಮಹಿಳೆಯರು. ಆ ಪುಸ್ತಕದಲ್ಲಿ ಇಲ್ಲದ್ದು ಕೊನೆಯ ಮನೆಗೆ ಕಾಯೋ ಷರತ್ತು.

ಒಂದು ಕೆಲಸ ಮಾಡಿ. ಮುಂದಿನ ಸಲ ಊರಿಗೆ ಹೋದಾಗ ಗ್ರಾಮ ಪಂಚಾಯಿತಿಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮೂರ ನೀರಿನ ಸಮಿತಿಯಲ್ಲಿ ಯಾರ್ಯಾರು ಇದಾರೆ? ಕೊನೆಯ ಮೀಟಿಂಗ್ ಯಾವಾಗ ಆಯ್ತು? ಪಾಸ್‌ಬುಕ್ ಯಾರ ಹತ್ರ ಇದೆ? ಸಿಕ್ಕ ಉತ್ತರ ವಾಯ್ಸ್ ನೋಟ್ ಮಾಡಿ ಕಳಿಸಿ, ಊರಿನ ಹೆಸರು ಹೇಳಿ ಸಾಕು, ವ್ಯಕ್ತಿಗಳದ್ದು ಬೇಡ. ಮುಂದಿನ ಎಪಿಸೋಡ್ ಕೋಲಾರದ ಕಡೆಯ ನೀರುಗಂಟಿಗಳದ್ದು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚ್ತಾ ಇದ್ದವರು, ಅವರಲ್ಲಿ ಬಹಳ ಜನ ದಲಿತರು. ಊರಿನ ಬಾವಿಗೆ ಇಳಿಯೋ ಹಕ್ಕಿಲ್ಲದವರ ಕೈಯಲ್ಲಿ ಊರಿನ ಕೆರೆಯ ನೀರಿನ ಹಂಚಿಕೆ ಹೇಗೆ ಬಂತು ಅನ್ನೋದು ಅಲ್ಲಿನ ಕಥೆ.