ಕಲಿಕೆಯ ಲೆಕ್ಕ ಬರೆದವರು

ಮಗನನ್ನು ಓದಿಸಿದರೆ ಏನು ಬಂತು ಎಂದು ಹೆತ್ತವರು ಕೇಳುತ್ತಲೇ ಬಂದಿದ್ದಾರೆ. ವಿದ್ವಾಂಸರು ಅದನ್ನು ಅಂಕಿಗಳಲ್ಲಿ ಬರೆಯಲು ಹೊರಟದ್ದು ತಡವಾಗಿ. ಆಡಂ ಸ್ಮಿತ್ 1776ರ ತನ್ನ ಮಹಾಗ್ರಂಥದಲ್ಲಿ ಕಸುಬು ಕಲಿತವನನ್ನು ದುಬಾರಿ ಯಂತ್ರಕ್ಕೆ ಹೋಲಿಸಿದ್ದ. ಕಲಿಯಲು ಹಿಡಿದ ಕಾಲ, ಆದ ಖರ್ಚು ಎರಡೂ ಮುಂದಿನ ಕೂಲಿಯಲ್ಲಿ ಲಾಭದೊಡನೆ ಮರಳಬೇಕು ಎಂಬುದು ಅವನ ವಾದ. ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ. ಬದುಕಿಡೀ ಒಂದೆರಡು ಸಣ್ಣ ಕೆಲಸಗಳನ್ನೇ ಮಾಡುವವನ ಬುದ್ಧಿ ಮೊಂಡಾಗುತ್ತದೆ. ಬಡವರ ಮಕ್ಕಳು ಓದು, ಬರಹ, ಲೆಕ್ಕ ಕಲಿಯಲು ಸರ್ಕಾರ ನೆರವಾಗಬೇಕು. ಮುಂದೆ ಬಂದ ಅರ್ಥಶಾಸ್ತ್ರಜ್ಞರು ಬಹುಕಾಲ ಮೊದಲನೆಯ ಮಾತನ್ನೇ ಬೆಳೆಸಿದರು.

ಸೋವಿಯತ್ ರಷ್ಯಾದ ಸ್ಟ್ರುಮಿಲಿನ್ 1924ರಲ್ಲೇ ಶಾಲೆಯ ಖರ್ಚಿಗೆ ಎದುರಾಗಿ ಕಾರ್ಮಿಕರ ದುಡಿಮೆಯನ್ನು ಇಟ್ಟು ನೋಡಿದ್ದ. ಆದರೆ ಇದೊಂದು ಶಾಸ್ತ್ರವಾಗಿ ನಿಂತದ್ದು 1960ರ ಡಿಸೆಂಬರ್‌ನಲ್ಲಿ ಥಿಯೊಡರ್ ಶುಲ್ಟ್ಜ್ ಅಮೆರಿಕದ ಅರ್ಥಶಾಸ್ತ್ರ ಸಂಘದಲ್ಲಿ ಅಧ್ಯಕ್ಷ ಭಾಷಣ ಮಾಡಿದ ಮೇಲೆ. ಭೂಮಿ, ಯಂತ್ರಗಳ ಲೆಕ್ಕದಿಂದ ವಿವರಿಸಲಾಗದ ಆರ್ಥಿಕ ಬೆಳವಣಿಗೆಯ ದೊಡ್ಡ ಪಾಲು ಮನುಷ್ಯರ ಮೇಲೆ ಹೂಡಿದ ಬಂಡವಾಳದಿಂದ ಬಂದದ್ದು ಎಂದು ಆತ ವಾದಿಸಿದ. ಗ್ಯಾರಿ ಬೆಕರ್ 1964ರ ಪುಸ್ತಕದಲ್ಲಿ ಅದಕ್ಕೆ ಸಿದ್ಧಾಂತದ ಚೌಕಟ್ಟು ಕಟ್ಟಿದ. ಜೇಕಬ್ ಮಿನ್ಸರ್ 1974ರಲ್ಲಿ ಓದಿದ ವರ್ಷ, ಕೆಲಸದ ಅನುಭವ, ಗಳಿಕೆ ಮೂರನ್ನೂ ಒಂದೇ ಸಮೀಕರಣಕ್ಕೆ ತಂದ. ಶುಲ್ಕಕ್ಕಿಂತ ದೊಡ್ಡ ಖರ್ಚು ಓದುವಾಗ ಬಿಟ್ಟುಕೊಟ್ಟ ಕೂಲಿ ಎಂಬುದು ಇವರ ಮುಖ್ಯ ಪಾಠ. ಮಗಳನ್ನು ಶಾಲೆಗೆ ಕಳಿಸಿದರೆ ಕೂಸನ್ನು ಆಡಿಸುವವರು ಯಾರು ಎಂದು ಯೋಚಿಸುವ ನಮ್ಮ ಹಳ್ಳಿಯ ತಾಯಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಭಾರತಕ್ಕೆ ಬಂದಾಗ ಈ ಲೆಕ್ಕ ಸ್ವಲ್ಪ ತೊಡಕಾಯಿತು. ಕೊಠಾರಿ ಆಯೋಗ 1966ರಲ್ಲಿ ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಇಡಬೇಕೆಂದಿತು. ಮೂರು ವರ್ಷಗಳಲ್ಲೇ ಮಾರ್ಕ್ ಬ್ಲಾಗ್ ಮತ್ತು ಸಂಗಡಿಗರು ಭಾರತದ ಪದವೀಧರರ ನಿರುದ್ಯೋಗದ ಬಗ್ಗೆ ಪುಸ್ತಕ ತಂದರು. ಪದವಿ ಪಡೆದವರು ಕೆಲಸವಿಲ್ಲದೆ ಕೂತಿದ್ದರೂ ಕಾಲೇಜು ಸೇರುವವರು ಕಡಿಮೆಯಾಗುತ್ತಿಲ್ಲವೇಕೆ? ಕಾಲೇಜಿನ ಖರ್ಚಿನ ಬಹುಪಾಲನ್ನು ಸರ್ಕಾರ ಹೊರುತ್ತಿತ್ತು. ಹಾಗಾಗಿ ಕೆಲಕಾಲ ಕಾದರೂ ಪದವಿ ಆ ಕುಟುಂಬಕ್ಕೆ ಲಾಭದ್ದೇ. ಸಮಾಜಕ್ಕೆ ಅಷ್ಟು ಲಾಭವಿರಲಿಲ್ಲ.

ಹಾಗಾದರೆ ದುಡ್ಡು ಕೊಟ್ಟವರು ಯಾರು, ಓದಿದವರು ಯಾರು? ನನಗೆ ಈ ಇಡೀ ಚರ್ಚೆಯ ಅತಿ ಮುಖ್ಯ ಪ್ರಶ್ನೆ ಇದು. ಜೋತಿರಾವ್ ಫುಲೆ 1882ರಲ್ಲೇ ಬ್ರಿಟಿಷ್ ಸರ್ಕಾರದ ಹಂಟರ್ ಶಿಕ್ಷಣ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಇದನ್ನು ನೇರವಾಗಿ ಕೇಳಿದ್ದರು. ಕಂದಾಯ ಕಟ್ಟುವವನು ರೈತ. ಆ ಹಣದಲ್ಲಿ ನಡೆಯುವ ಕಾಲೇಜುಗಳಲ್ಲಿ ಕೂತವರು ಮೇಲ್ಜಾತಿಯ ಮಕ್ಕಳು. ಮೇಲಿನವರಿಗೆ ಕಲಿಸಿದರೆ ವಿದ್ಯೆ ತಾನಾಗಿ ಕೆಳಗೆ ಇಳಿಯುತ್ತದೆ ಎಂಬ ಬ್ರಿಟಿಷರ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಹಳ್ಳಿಯ ಪ್ರಾಥಮಿಕ ಶಾಲೆಗೆ ಮೊದಲು ದುಡ್ಡು ಹಾಕಿ ಎಂದರು. ಅರ್ಥಶಾಸ್ತ್ರದ ಪಠ್ಯಗಳಲ್ಲಿ ಫುಲೆಯ ಹೆಸರು ಕಾಣುವುದು ಅಪರೂಪ.

ಬ್ಲಾಗ್ ಪುಸ್ತಕ ಬಂದ ಕೆಲವೇ ವರ್ಷಗಳಲ್ಲಿ, ಓದೇ ಗಳಿಕೆಯನ್ನು ಹೆಚ್ಚಿಸುತ್ತದೆ ಎಂಬ ವಾದದ ಬಗ್ಗೆ ಅಮೆರಿಕದಲ್ಲೇ ಅನುಮಾನ ಎದ್ದಿತು. ಕಾಲೇಜು ಜಾಣತನವನ್ನು ಬೆಳೆಸುವುದೇ ಇಲ್ಲ, ಮೊದಲೇ ಜಾಣರಾದವರನ್ನು ಮಾಲೀಕನಿಗೆ ತೋರಿಸಿಕೊಡುತ್ತದೆ ಅಷ್ಟೇ ಎಂದಾದರೂ ಪದವೀಧರನಿಗೆ ಹೆಚ್ಚು ಸಂಬಳ ಸಿಗಬಹುದು ಎಂದು ಮೈಕೆಲ್ ಸ್ಪೆನ್ಸ್ 1973ರಲ್ಲಿ ತೋರಿಸಿದ. ಗುಮಾಸ್ತೆ ಹುದ್ದೆಗೆ ಸ್ನಾತಕೋತ್ತರ ಪದವೀಧರರು ಸಾಲುಗಟ್ಟುವುದನ್ನು ಕಂಡವರಿಗೆ ಇದು ಹೊಸದಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಬೋರ್ದ್ಯೂ ಇನ್ನೂ ಕಟುವಾಗಿದ್ದ: ಉಳ್ಳವರ ಮನೆಯಲ್ಲೇ ಮಕ್ಕಳಿಗೆ ಬಂದ ಭಾಷೆ, ನಡೆನುಡಿಗಳನ್ನೇ ಶಾಲೆ ಪ್ರತಿಭೆ ಎಂದು ಮೊಹರು ಹಾಕುತ್ತದೆ.

ಅನುಮಾನವನ್ನು ಪರೀಕ್ಷಿಸಲು ಒಳ್ಳೆಯ ಸಂದರ್ಭ ಸಿಕ್ಕಿದ್ದು ಇಂಡೊನೇಷ್ಯಾದಲ್ಲಿ. ತೈಲದ ಹಣ ಹರಿದುಬಂದಾಗ ಅಲ್ಲಿನ ಸರ್ಕಾರ 1973-74ರಿಂದ 1978-79ರೊಳಗೆ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಎಸ್ತರ್ ಡಫ್ಲೊ 2001ರಲ್ಲಿ, ಶಾಲೆ ಬರುವ ಹೊತ್ತಿಗೆ ಚಿಕ್ಕವರಾಗಿದ್ದವರನ್ನೂ ಆಗಲೇ ವಯಸ್ಸು ಮೀರಿದ್ದವರನ್ನೂ ಹೆಚ್ಚು ಶಾಲೆ ಬಂದ ಜಿಲ್ಲೆ, ಕಡಿಮೆ ಬಂದ ಜಿಲ್ಲೆಗಳಲ್ಲಿ ಹೋಲಿಸಿ ನೋಡಿದರು. ಹೀಗೆ ಹೆಚ್ಚು ಓದಿದ ಪ್ರತಿ ವರ್ಷಕ್ಕೆ ಗಳಿಕೆ ಶೇ. 6.8ರಿಂದ 10.6ರಷ್ಟು ಏರಿತ್ತು. ಇವರು ಹೆಚ್ಚು ಓದಿದ್ದು ಹುಟ್ಟುಜಾಣರೆಂದಲ್ಲ, ಶಾಲೆ ಹತ್ತಿರ ಬಂತೆಂದು. ಮಾಲೀಕ ಬೆಲೆ ಕೊಟ್ಟದ್ದು ಕಲಿಕೆಗೋ ಪ್ರಮಾಣಪತ್ರಕ್ಕೋ ಎಂಬ ಸ್ಪೆನ್ಸ್‌ನ ತಕರಾರು ಮಾತ್ರ ಇದರಿಂದ ಪೂರ್ತಿ ತೀರುವುದಿಲ್ಲ.

ಸಂಬಳವಿಲ್ಲದವಳ ಓದಿಗೆ ಬೆಲೆಯೆಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಜನಸಂಖ್ಯಾ ವಿಜ್ಞಾನಿಗಳು. ನೈಜೀರಿಯಾದ ಅಂಕಿಅಂಶಗಳನ್ನು ಹಿಡಿದು ಜಾನ್ ಕಾಲ್ಡ್‌ವೆಲ್ 1979ರಲ್ಲಿ ಬರೆದದ್ದಿಷ್ಟು: ತಾಯಿ ಓದಿದ್ದರೆ ಮಕ್ಕಳು ಸಾಯುವುದು ಕಡಿಮೆ, ಗಂಡನ ಕಸುಬು, ಮನೆಯ ಸ್ಥಿತಿಗತಿಗಳಿಂದ ಮಾತ್ರ ಇದನ್ನು ವಿವರಿಸಲಾಗದು. ಓದಿದವಳು ಹಿರಿಯರ ಅಪ್ಪಣೆಗೆ ಕಾಯದೆ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಾಳೆ, ವೈದ್ಯರನ್ನು ಪ್ರಶ್ನಿಸುತ್ತಾಳೆ. ಮುಂದೆ ಆತ ಪಿ.ಎಚ್. ರೆಡ್ಡಿ ಅವರೊಡನೆ ಕರ್ನಾಟಕದ ಹಳ್ಳಿಗಳಲ್ಲೂ ಕೆಲಸ ಮಾಡಿದ. ಮಗನನ್ನು ಓದಿಸುವುದು ಹೊಲದಾಚೆಯ ನೌಕರಿಗಾಗಿ ಎಂಬುದು ಇಲ್ಲಿ ಕಂಡ ಸಂಗತಿ. ಮಳೆ ಕೈಕೊಟ್ಟ ವರ್ಷ ಸಂಬಳ ತರುವವನೊಬ್ಬನಿದ್ದರೆ ಮನೆ ನಿಲ್ಲುತ್ತದೆ. ಇದೂ ಲಾಭವೇ, ಆದರೆ ಮಿನ್ಸರ್‌ನ ಸಮೀಕರಣ ಹಿಡಿಯುವ ಬಗೆಯದಲ್ಲ. ಓದು ಬಯಸಿದ ಬದುಕನ್ನು ಬದುಕುವ ಸಾಮರ್ಥ್ಯ ಎಂದು ಅಮರ್ತ್ಯ ಸೇನ್ ಬರೆದದ್ದು ಹೀಗೆ ಹೊರಗುಳಿದ ಲಾಭಗಳನ್ನೂ ಒಳಗೆ ತರುವ ಪ್ರಯತ್ನ.

ಇತ್ತೀಚಿನ ಜಗಳ ಅಳತೆಯದ್ದೇ. ಆರ್ಥಿಕ ಬೆಳವಣಿಗೆಯೊಡನೆ ಹೆಚ್ಚು ನಂಟಿರುವುದು ಶಾಲೆಯಲ್ಲಿ ಕಳೆದ ವರ್ಷಗಳಿಗಲ್ಲ, ಪರೀಕ್ಷೆಯಲ್ಲಿ ಕಾಣುವ ಕಲಿಕೆಗೆ ಎಂದು ಹನುಶೆಕ್ ಮತ್ತು ವೂಸ್‌ಮನ್ 2008ರಲ್ಲಿ ವಾದಿಸಿದರು. ಭಾರತದಲ್ಲಿ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ, ಗ್ರಾಮೀಣ ಐದನೇ ತರಗತಿಯ ಸುಮಾರು ಅರ್ಧ ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬಾರದೆಂದು ಮತ್ತೆ ಮತ್ತೆ ತೋರಿಸಿದೆ. ಆದರೂ ಲಾಭದ ಲೆಕ್ಕ ಹಾಕುವವರು ಈಗಲೂ ಹೆಚ್ಚಾಗಿ ಬಳಸುವುದು ವರ್ಷಗಳನ್ನೇ, ಏಕೆಂದರೆ ಜನಗಣತಿಯಲ್ಲೂ ಮನೆ ಸಮೀಕ್ಷೆಗಳಲ್ಲೂ ಕೇಳುವುದು ಎಷ್ಟನೇ ತರಗತಿಯವರೆಗೆ ಓದಿದಿರಿ ಎಂದೇ.